ಡಾಟ್‌ನೆಟ್ ಟೈಮರ್‌ಗಳು: ಶಿರಸಿಯ ಅಡಿಕೆ ತೂಕದ ತಂತ್ರಾಂಶದಲ್ಲಿ ದೀರ್ಘಕಾಲದ ಬಳಕೆಯ ವಿಮರ್ಶೆ

ಶಿರಸಿಯ ಅಡಿಕೆ ವಖಾರಿಗಳಲ್ಲಿ ಬಳಕೆಯಲ್ಲಿರುವ ತೂಕದ ತಂತ್ರಾಂಶವೊಂದನ್ನು ಬರೆದು, ಹಲವು ವರ್ಷಗಳಿಂದ ಅದನ್ನು ನೋಡಿಕೊಂಡು ಬಂದಿದ್ದೇನೆ. ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಫಾರ್ಮ್ಸ್ ಆಧಾರದ ಮೇಲೆ ಕಟ್ಟಿದ ಸಾಮಾನ್ಯ ಡೆಸ್ಕ್‌ಟಾಪ್ ಪ್ರೋಗ್ರಾಮ್ ಅದು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿದ ಚೀಲಗಳನ್ನು ಹಮಾಲರು ಕಾಟಾದ ಮೇಲೆ ಇಟ್ಟಾಗ, ಸೀರಿಯಲ್ ಪೋರ್ಟಿನ ಮೂಲಕ ಬರುವ ತೂಕವನ್ನು ಓದುವುದು, ಅದು ಸ್ಥಿರವಾದ ಮೇಲೆ ರೈತರ ಹೆಸರಿನ ಮುಂದೆ ದಾಖಲಿಸುವುದು, ಚೀಟಿ ಮುದ್ರಿಸುವುದು ಇದರ ಕೆಲಸ. ಕಾಟಾವನ್ನು ಸೆಕೆಂಡಿಗೆ ಹಲವು ಸಲ ಕೇಳುತ್ತಿರಬೇಕಾದ್ದರಿಂದ ಇಡೀ ಪ್ರೋಗ್ರಾಮ್ ನಿಂತಿರುವುದು ನಿಗದಿತ ಅವಧಿಗೊಮ್ಮೆ ಕೆಲಸ ಮಾಡಿಸುವ ಟೈಮರ್‌ಗಳ ಮೇಲೆ. ಮೈಕ್ರೋಸಾಫ್ಟ್‌ನ ತಂತ್ರಾಂಶ ವೇದಿಕೆಯಾದ ಡಾಟ್‌ನೆಟ್ ಕೊಡುವ ಬೇರೆಬೇರೆ ಟೈಮರ್‌ಗಳನ್ನು ಈ ಅವಧಿಯಲ್ಲಿ ಒಂದಲ್ಲ ಒಂದು ಕಡೆ ಬಳಸಿ ನೋಡಿದ್ದೇನೆ. ಅವುಗಳನ್ನು ಶುರು ಮಾಡುವುದು ಎಲ್ಲದರಲ್ಲಿಯೂ ಸುಲಭ. ಹಿನ್ನೆಲೆ ಥ್ರೆಡ್ (ಪ್ರೋಗ್ರಾಮ್‌ನೊಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಕೆಲಸದಲ್ಲಿ ತೊಡಗಿರುವಾಗ ಅವುಗಳನ್ನು ಸುರಕ್ಷಿತವಾಗಿ ನಿಲ್ಲಿಸಲು ಬರುತ್ತದೆಯೇ, ನಡುವೆ ದೋಷ ಬಂದರೆ ಅದು ನಮ್ಮ ಕಣ್ಣಿಗೆ ಬೀಳುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದಲೇ ನಾನು ಅವುಗಳನ್ನು ಅಳೆಯುತ್ತೇನೆ.

ವಿಂಡೋಸ್ ಫಾರ್ಮ್ಸ್‌ನ ಸ್ವಂತ ಟೈಮರ್ ಇವುಗಳಲ್ಲಿ ಅತ್ಯಂತ ಸರಳವಾದದ್ದು. ಅದು ಹೊಸ ಥ್ರೆಡ್ ಯಾವುದನ್ನೂ ಬಳಸುವುದಿಲ್ಲ. ಪರದೆಯನ್ನು ನಡೆಸುವ ಯುಐ ಥ್ರೆಡ್‌ನ ಸಂದೇಶಗಳ ಸಾಲಿಗೆ ವಿಂಡೋಸ್ ಹಾಕುವ ಟೈಮರ್ ಸಂದೇಶದಿಂದ ಅದರ ಟಿಕ್ ಘಟನೆ ಹುಟ್ಟುತ್ತದೆ. ಹೀಗಾಗಿ ಟಿಕ್ ಒಳಗಿನಿಂದ ಪರದೆಯ ಯಾವ ಕಂಟ್ರೋಲನ್ನಾದರೂ ನಿರ್ಭಯವಾಗಿ ಮುಟ್ಟಬಹುದು. ಇದರ ನಿಖರತೆ 55 ಮಿಲಿಸೆಕೆಂಡಿಗೆ ಸೀಮಿತ ಎಂದು ಅಧಿಕೃತ ದಾಖಲೆಯೇ ಹೇಳುತ್ತದೆ, ಮತ್ತು ಟೈಮರ್ ಸಂದೇಶಕ್ಕೆ ಕಡಿಮೆ ಆದ್ಯತೆ ಇರುವುದರಿಂದ ಸಾಲಿನಲ್ಲಿ ಬೇರೆ ಕೆಲಸವಿದ್ದರೆ ಟಿಕ್ ತಡವಾಗುತ್ತದೆ. ತೂಕದ ಅಂಕಿಯನ್ನು ಪರದೆಯಲ್ಲಿ ತೋರಿಸಲು ಇಷ್ಟು ಧಾರಾಳವಾಗಿ ಸಾಕು. ಆದರೆ ಸೀರಿಯಲ್ ಪೋರ್ಟನ್ನು ಓದುವ ಕೆಲಸವನ್ನೂ ಇದೇ ಟಿಕ್‌ನೊಳಗೆ ಇಟ್ಟರೆ, ಕಾಟಾ ಉತ್ತರಿಸದ ಕ್ಷಣದಲ್ಲಿ ಇಡೀ ಕಿಟಕಿ ಮರಗಟ್ಟುತ್ತದೆ, ಗುಮಾಸ್ತರು ಒತ್ತಿದ ಗುಂಡಿ ಯಾವುದೂ ಕೆಲಸ ಮಾಡುವುದಿಲ್ಲ. ಇನ್ನೊಂದು ವಿಷಯವನ್ನು ಹೊಸಬರು ಗಮನಿಸಬೇಕು: ಟಿಕ್ ಒಳಗಿಂದ ಎಚ್ಚರಿಕೆಯ ಸಂದೇಶಪೆಟ್ಟಿಗೆ ತೆರೆದರೆ ಟೈಮರ್ ನಿಲ್ಲುವುದಿಲ್ಲ. ಆ ಪೆಟ್ಟಿಗೆ ತಾನೇ ಸಂದೇಶಗಳನ್ನು ಹರಿಯಬಿಡುವುದರಿಂದ ಮುಂದಿನ ಟಿಕ್ ಬಂದು ಎರಡನೆಯ ಪೆಟ್ಟಿಗೆ, ಅದರ ಮೇಲೆ ಮೂರನೆಯದು ಎಂದು ಪರದೆ ತುಂಬುತ್ತದೆ. ಪೆಟ್ಟಿಗೆ ತೆರೆಯುವ ಮೊದಲು ಟೈಮರ್ ನಿಲ್ಲಿಸಿ, ಮುಚ್ಚಿದ ಮೇಲೆ ಮತ್ತೆ ಶುರು ಮಾಡಿದರೆ ಈ ತೊಂದರೆ ಇರುವುದಿಲ್ಲ.

ಎರಡನೆಯದು ಸಿಸ್ಟಮ್ ಟೈಮರ್ಸ್ ಎಂಬ ನೇಮ್‌ಸ್ಪೇಸ್‌ನಲ್ಲಿ (ಹೆಸರುಗಳ ಗುಂಪಿನಲ್ಲಿ) ಇರುವ ಟೈಮರ್. ಹೊಸ ಕೆಲಸಕ್ಕೆ ಇದನ್ನು ಯಾರಿಗೂ ನಾನು ಶಿಫಾರಸು ಮಾಡುವುದಿಲ್ಲ, ಮತ್ತು ಇದಕ್ಕೆ ನನ್ನಲ್ಲಿರುವ ಕಾರಣ ಗಟ್ಟಿಯಾದದ್ದು. ಅವಧಿ ಮುಗಿದಾಗ ಬರುವ ಇದರ ಇಲ್ಯಾಪ್ಸ್ಡ್ ಘಟನೆಯ ಹ್ಯಾಂಡ್ಲರ್ (ಆಗ ಓಡುವ ನಮ್ಮ ಕೋಡ್) ಸಾಮಾನ್ಯವಾಗಿ ಥ್ರೆಡ್ ಪೂಲ್ ಎಂಬ ಸಿದ್ಧ ಥ್ರೆಡ್‌ಗಳ ಗುಂಪಿನ ಯಾವುದೋ ಥ್ರೆಡ್‌ನಲ್ಲಿ ನಡೆಯುತ್ತದೆ, ಮತ್ತು ಅದರಲ್ಲಿ ಎಕ್ಸೆಪ್ಶನ್, ಅಂದರೆ ಓಡುವಾಗಿನ ದೋಷ, ಬಂದರೆ ಟೈಮರ್ ಅದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಇದು ಗುಟ್ಟೇನಲ್ಲ, ದಾಖಲೆಯಲ್ಲಿಯೇ ಬರೆದಿದೆ. ಆದರೆ ತೂಕದ ಕೆಲಸದಲ್ಲಿ ಇದರ ಪರಿಣಾಮ ಏನೆಂಬುದನ್ನು ಒಂದು ವಖಾರಿಯಲ್ಲಿ ಮೊದಲಿನಿಂದ ಇದ್ದ ಬೇರೊಂದು ಪ್ರೋಗ್ರಾಮ್‌ನಲ್ಲಿ ಕಂಡಿದ್ದೇನೆ. ಮಳೆಗಾಲದಲ್ಲಿ ಘಟ್ಟದ ಮೇಲೆ ವಿದ್ಯುತ್ ಹೋಗಿ ಬಂದು ಮಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಣಕಯಂತ್ರ ಯುಪಿಎಸ್ ಮೇಲೆ ಉಳಿದುಕೊಂಡರೂ, ಕಾಟಾ ಮತ್ತು ಗಣಕಯಂತ್ರದ ನಡುವಿನ ಯುಎಸ್‌ಬಿ ಸೀರಿಯಲ್ ಪರಿವರ್ತಕ ಒಮ್ಮೆ ಕಡಿದುಕೊಂಡರೆ ತೆರೆದಿದ್ದ ಪೋರ್ಟ್ ಸತ್ತಂತೆಯೇ. ಅಲ್ಲಿಂದ ಮುಂದಿನ ಪ್ರತಿಯೊಂದು ಓದುವಿಕೆಯೂ ಎಕ್ಸೆಪ್ಶನ್ ಎಸೆಯುತ್ತದೆ, ಟೈಮರ್ ಪ್ರತಿಯೊಂದನ್ನೂ ನುಂಗುತ್ತದೆ, ಪರದೆಯ ಮೇಲೆ ಕೊನೆಯ ಸಲ ಬಂದ ತೂಕ ಹಾಗೆಯೇ ಉಳಿಯುತ್ತದೆ. ತೂಕದ ಗುಮಾಸ್ತರು, "ಕಾಟಾದಲ್ಲಿ ಸೊನ್ನೆ ಇದ್ದು, ಕಂಪ್ಯೂಟರ್‌ನಲ್ಲಿ ಇನ್ನೂ ಹಿಂದಿನ ಚೀಲದ ತೂಕನೇ ಇದ್ದು" ಎಂದು ಕೂಗಿ ಹೇಳಿದ್ದರಿಂದ ಅಂದು ತಪ್ಪು ಚೀಟಿ ಹೋಗಲಿಲ್ಲ. ವರ್ಷವಿಡೀ ತೋಟದಲ್ಲಿ ದುಡಿದು, ಕೊಯ್ದು, ಸುಲಿದು, ಒಣಗಿಸಿ ತಂದ ಅಡಿಕೆಯ ಲೆಕ್ಕ ಅದು. ಒಬ್ಬರ ಚೀಲದ ತೂಕ ಇನ್ನೊಬ್ಬರ ಹೆಸರಿಗೆ ಬೀಳುವುದಕ್ಕಿಂತ ಪ್ರೋಗ್ರಾಮ್ ಕುಸಿದು ನಿಲ್ಲುವುದು ಎಷ್ಟೋ ಒಳ್ಳೆಯದು.

ಇದೇ ಟೈಮರ್‌ಗೆ ಸಿಂಕ್ರೊನೈಸಿಂಗ್ ಆಬ್ಜೆಕ್ಟ್ ಎಂಬ ಗುಣವೊಂದಿದೆ. ಅದರಲ್ಲಿ ಫಾರ್ಮನ್ನು ಇಟ್ಟರೆ ಹ್ಯಾಂಡ್ಲರ್ ಯುಐ ಥ್ರೆಡ್‌ಗೆ ವರ್ಗವಾಗುತ್ತದೆ. ಆಗ ಪರದೆ ಮುಟ್ಟಬಹುದು ನಿಜ, ಆದರೆ ಹಿನ್ನೆಲೆಯಲ್ಲಿ ಓದುವ ಲಾಭ ಹೊರಟುಹೋಗುತ್ತದೆ. ಸ್ಟಾಪ್ ಕರೆದ ಮೇಲೆಯೂ ಮೊದಲೇ ಸಾಲಿನಲ್ಲಿದ್ದ ಘಟನೆಯೊಂದು ಬರಬಹುದು ಎಂಬುದನ್ನು ಇದರೊಂದಿಗೆ ಸೇರಿಸಿಕೊಂಡರೆ, ಇದನ್ನು ಬಳಸುವ ಹಳೆಯ ಕೋಡ್ ಸಿಕ್ಕಲ್ಲಿ ಹ್ಯಾಂಡ್ಲರ್‌ನ ಇಡೀ ದೇಹವನ್ನು ದೋಷ ಹಿಡಿಯುವ ಟ್ರೈ ಕ್ಯಾಚ್‌ನೊಳಗೆ ಹಾಕಿ ದೋಷವನ್ನು ಲಾಗ್ ಮಾಡುವುದು ಕನಿಷ್ಠ ಕರ್ತವ್ಯ.

ಮೂರನೆಯದಾದ, ಸಿಸ್ಟಮ್ ಥ್ರೆಡಿಂಗ್ ನೇಮ್‌ಸ್ಪೇಸ್‌ನ ಥ್ರೆಡಿಂಗ್ ಟೈಮರ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅದರ ಕಾಲ್‌ಬ್ಯಾಕ್‌ನಲ್ಲಿ (ಟೈಮರ್ ಕರೆಯುವ ನಮ್ಮ ಮೆಥಡ್‌ನಲ್ಲಿ) ಹಿಡಿಯದ ಎಕ್ಸೆಪ್ಶನ್ ಬಂದರೆ, ಡಾಟ್‌ನೆಟ್ 2.0 ರಿಂದ ಈಚೆಗೆ ಇಡೀ ಪ್ರಕ್ರಿಯೆಯೇ ನಿಲ್ಲುತ್ತದೆ. ಹಗುರ, ವೇಗ, ಮತ್ತು ಬೇಕಾದಂತೆ ಬಗ್ಗುವ ಗುಣ ಇದರದು. ಆದರೆ ಮೂರು ಕಡೆ ಎಚ್ಚರ ತಪ್ಪುವಂತಿಲ್ಲ. ಟೈಮರ್‌ನ ಉಲ್ಲೇಖವನ್ನು ಕ್ಲಾಸ್‌ನ ಫೀಲ್ಡ್‌ನಲ್ಲಿ ಹಿಡಿದಿಡದೆ ಸ್ಥಳೀಯ ವೇರಿಯೇಬಲ್‌ನಲ್ಲಿ ಬಿಟ್ಟರೆ ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅದನ್ನು ಎತ್ತಿಕೊಂಡು ಹೋಗಬಹುದು. ಪರೀಕ್ಷೆಗೆಂದು ಕಟ್ಟುವ ಡೀಬಗ್ ಬಿಲ್ಡ್‌ನಲ್ಲಿ ವೇರಿಯೇಬಲ್‌ಗಳ ಆಯುಸ್ಸು ಮೆಥಡ್ ಮುಗಿಯುವವರೆಗೆ ವಿಸ್ತರಿಸಿರುವುದರಿಂದ ಅಲ್ಲಿ ಸರಿಯಾಗಿ ನಡೆದದ್ದು ಬಳಕೆದಾರರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಕಾರಣವೇ ತಿಳಿಯದಂತೆ ನಿಂತುಹೋಗುತ್ತದೆ. ಎರಡನೆಯದಾಗಿ, 200 ಮಿಲಿಸೆಕೆಂಡಿನ ಅವಧಿ ಕೊಟ್ಟಿದ್ದು ಕಾಲ್‌ಬ್ಯಾಕ್ ಮುಗಿಯಲು 500 ಮಿಲಿಸೆಕೆಂಡ್ ಹಿಡಿದರೆ, ಮೊದಲನೆಯದು ಮುಗಿಯುವ ಮುಂಚೆಯೇ ಇನ್ನೊಂದು ಥ್ರೆಡ್‌ನಲ್ಲಿ ಎರಡನೆಯದು ಶುರುವಾಗುತ್ತದೆ. ಎರಡೂ ಒಂದೇ ಪೋರ್ಟಿಗೆ ಆಜ್ಞೆ ಕಳಿಸಿ ಉತ್ತರಕ್ಕೆ ಕಾಯ್ದರೆ, ಒಬ್ಬರಿಗೆ ಬಂದ ಉತ್ತರದ ಅರ್ಧ ಇನ್ನೊಬ್ಬರ ಕೈಗೆ ಸಿಗುತ್ತದೆ. ಇದಕ್ಕೆ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಬಿಡುವ ಬೀಗ) ಹಾಕುವವರಿದ್ದಾರೆ, ಆದರೆ ಲಾಕ್‌ನ ಹಿಂದೆ ಥ್ರೆಡ್‌ಗಳು ಸಾಲುಗಟ್ಟಿ ನಿಲ್ಲುವುದು ಪರಿಹಾರವಲ್ಲ. ಅವಧಿಯ ಜಾಗದಲ್ಲಿ ಟೈಮ್‌ಔಟ್ ಇನ್ಫಿನೈಟ್ ಕೊಟ್ಟು ಟೈಮರನ್ನು ಒಂದೇ ಸಲ ಹೊಡೆಯುವಂತೆ ಮಾಡಿ, ಕೆಲಸ ಮುಗಿದ ಮೇಲೆ ಫೈನಲಿ ಭಾಗದಲ್ಲಿ ಚೇಂಜ್ ಕರೆದು ಮುಂದಿನ ಸಲಕ್ಕೆ ಸಜ್ಜು ಮಾಡುವುದು ಹೆಚ್ಚು ಶುದ್ಧವಾದ ದಾರಿ. ಆಗ ಎರಡು ಕಾಲ್‌ಬ್ಯಾಕ್‌ಗಳು ಒಂದರ ಮೇಲೊಂದು ಬೀಳುವ ಸಾಧ್ಯತೆಯೇ ಇರುವುದಿಲ್ಲ.

ಮೂರನೆಯ ಎಚ್ಚರ ನಿಲ್ಲಿಸುವುದಕ್ಕೆ ಸಂಬಂಧಿಸಿದ್ದು, ಮತ್ತು ಬಹಳ ಪ್ರೋಗ್ರಾಮ್‌ಗಳು ಸೋಲುವುದು ಇಲ್ಲಿಯೇ. ಟೈಮರನ್ನು ವಿಲೇವಾರಿ ಮಾಡುವ ಡಿಸ್ಪೋಸ್ ಕರೆದು ಅದು ಮರಳಿ ಬಂದ ಮಾತ್ರಕ್ಕೆ ಕಾಲ್‌ಬ್ಯಾಕ್ ಮುಗಿದಿದೆ ಎಂದು ಅರ್ಥವಲ್ಲ. ಅದು ಇನ್ನೂ ಓಡುತ್ತಿರಬಹುದು. ಆ ಹೊತ್ತಿಗೆ ಫಾರ್ಮ್ ಮುಚ್ಚಿದ್ದರೆ ಪರದೆಗೆ ಬರೆಯಲು ಹೋದ ಕಾಲ್‌ಬ್ಯಾಕ್‌ಗೆ ಆಬ್ಜೆಕ್ಟ್ ಡಿಸ್ಪೋಸ್ಡ್ ಎಕ್ಸೆಪ್ಶನ್ ಎದುರಾಗುತ್ತದೆ. ಹಾಗಾದರೆ ಕಾಲ್‌ಬ್ಯಾಕ್ ಮುಗಿಯುವವರೆಗೆ ಕಾಯೋಣವೆಂದು, ಮುಗಿದದ್ದನ್ನು ತಿಳಿಸುವ ವೇಯ್ಟ್ ಹ್ಯಾಂಡಲ್ ಕೊಟ್ಟು ಡಿಸ್ಪೋಸ್ ಕರೆದು ಯುಐ ಥ್ರೆಡ್‌ನಲ್ಲಿ ಕಾಯ್ದು ಕುಳಿತರೆ ಅಪಾಯ ಇನ್ನೂ ದೊಡ್ಡದು. ಕಾಲ್‌ಬ್ಯಾಕ್ ಒಳಗೆ, ಕೆಲಸವನ್ನು ಯುಐ ಥ್ರೆಡ್‌ಗೆ ಒಪ್ಪಿಸಿ ಅದು ಮುಗಿಯುವವರೆಗೆ ಕಾಯುವ ಇನ್ವೋಕ್ ಇದ್ದರೆ ಅದು ಯುಐ ಥ್ರೆಡ್ ಬಿಡುವಾಗಲೆಂದು ಕಾಯುತ್ತದೆ, ಯುಐ ಥ್ರೆಡ್ ಕಾಲ್‌ಬ್ಯಾಕ್ ಮುಗಿಯಲೆಂದು ಕಾಯುತ್ತದೆ. ಇಬ್ಬರೂ ಕದಲುವುದಿಲ್ಲ, ಕೊನೆಗೆ ಟಾಸ್ಕ್ ಮ್ಯಾನೇಜರ್‌ನಿಂದ ಕೊಲ್ಲಬೇಕಾಗುತ್ತದೆ. ಇನ್ವೋಕ್ ಬದಲು ಬಿಗಿನ್‌ಇನ್ವೋಕ್ ಬಳಸಿದರೆ ಈ ಬಿಕ್ಕಟ್ಟು ತಪ್ಪುತ್ತದೆ, ಏಕೆಂದರೆ ಅದು ಕೆಲಸವನ್ನು ಸಾಲಿಗೆ ಹಾಕಿ ಕೂಡಲೇ ಮರಳುತ್ತದೆ. ಆದರೂ ಕಿಟಕಿಯ ಹ್ಯಾಂಡಲ್ ಇನ್ನೂ ಸೃಷ್ಟಿಯಾಗದಿದ್ದಾಗ ಕರೆದರೆ ಎರಡೂ ಎಕ್ಸೆಪ್ಶನ್ ಎಸೆಯುತ್ತವೆ. ಇನ್ವೋಕ್ ಬೇಕೇ ಎಂದು ಹೇಳುವ ಇನ್ವೋಕ್ ರಿಕ್ವೈರ್ಡ್ ಕೂಡ ಆಗ ತಪ್ಪುದಾರಿಗೆ ಎಳೆಯುವಂತೆ ಬೇಡ ಎಂಬ ಉತ್ತರವನ್ನೇ ಕೊಡುತ್ತದೆ.

ಡಾಟ್‌ನೆಟ್ 6, ಅಂದರೆ 2021ರ ನವೆಂಬರ್‌ನಲ್ಲಿ ಬಂದ ಪೀರಿಯಾಡಿಕ್ ಟೈಮರ್ ಈ ಗೋಜಲಿನ ಬಹುಭಾಗವನ್ನು ಬಿಡಿಸಿದೆ, ಇದನ್ನು ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ. ಇದರಲ್ಲಿ ಕಾಲ್‌ಬ್ಯಾಕ್ ಎಂಬುದೇ ಇಲ್ಲ. ಒಂದು ವೈಲ್ ಲೂಪ್‌ನ ತಲೆಯಲ್ಲಿ ಮುಂದಿನ ಟಿಕ್‌ಗಾಗಿ ಅವೇಯ್ಟ್ ಮಾಡಿ (ಥ್ರೆಡ್ ತಡೆಹಿಡಿಯದೆ ಕಾದು), ಒಳಗೆ ಕೆಲಸ ಮಾಡಿದರೆ ಮುಗಿಯಿತು. ಕೆಲಸ ತಡವಾದರೆ ನಡುವೆ ತಪ್ಪಿದ ಟಿಕ್‌ಗಳೆಲ್ಲ ಒಂದಾಗಿ ಸೇರುತ್ತವೆಯೇ ಹೊರತು ರಾಶಿ ಬೀಳುವುದಿಲ್ಲ, ಒಂದರ ಮೇಲೊಂದು ಓಡುವ ಪ್ರಶ್ನೆಯೂ ಇಲ್ಲ. ನಿಲ್ಲಿಸಲು ಕ್ಯಾನ್ಸಲೇಶನ್ ಟೋಕನ್ ಇದೆ. ಲೂಪ್‌ನ ಟಾಸ್ಕನ್ನು (ನಡೆಯುತ್ತಿರುವ ಕೆಲಸವನ್ನು ಪ್ರತಿನಿಧಿಸುವ ಆಬ್ಜೆಕ್ಟನ್ನು) ಫೀಲ್ಡ್‌ನಲ್ಲಿ ಇಟ್ಟುಕೊಂಡರೆ ಅದು ನಿಜವಾಗಿ ಮುಗಿಯುವವರೆಗೆ ಪರದೆಯನ್ನು ಮರಗಟ್ಟಿಸದೆ ಕಾಯಬಹುದು. ನಮ್ಮ ಪ್ರೋಗ್ರಾಮ್‌ನಲ್ಲಿ ಫಾರ್ಮ್ ಮುಚ್ಚುವ ಘಟನೆ ಮೊದಲ ಸಲ ಬಂದಾಗ ಮುಚ್ಚುವಿಕೆಯನ್ನು ತಡೆಹಿಡಿದು, ಟೋಕನ್ ರದ್ದುಗೊಳಿಸಿ, ಟಾಸ್ಕನ್ನು ಅವೇಯ್ಟ್ ಮಾಡಿ, ಪೋರ್ಟ್ ಮುಚ್ಚಿ, ಅನಂತರ ಫಾರ್ಮನ್ನು ನಾವೇ ಮತ್ತೆ ಮುಚ್ಚುತ್ತೇವೆ. ಗುಮಾಸ್ತರ ಕಣ್ಣಿಗೆ ಇದು ಕಾಣುವುದೂ ಇಲ್ಲ.

ಇದರಲ್ಲಿಯೂ ಎರಡು ವಿಷಯ ತಿಳಿದಿರಬೇಕು. ಲೂಪನ್ನು ಯುಐ ಥ್ರೆಡ್‌ನಿಂದ ನೇರವಾಗಿ ಕರೆದರೆ ಪ್ರತಿ ಅವೇಯ್ಟ್ ಆದ ಮೇಲೆ ಅದು ಯುಐ ಥ್ರೆಡ್‌ಗೇ ಮರಳುತ್ತದೆ, ಆದ್ದರಿಂದ ಪೋರ್ಟ್ ಓದುವ ಲೂಪನ್ನು, ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ಕಳಿಸುವ ಟಾಸ್ಕ್ ರನ್ ಮೂಲಕವೇ ಶುರು ಮಾಡಬೇಕು. ಇನ್ನು, ಲೂಪ್‌ನ ಹೊರಗೆ ಎಕ್ಸೆಪ್ಶನ್ ಹಾರಿದರೆ ಅದು ಟಾಸ್ಕ್‌ನೊಳಗೆ ಸೇರಿಕೊಂಡು, ಯಾರೂ ಅದನ್ನು ಅವೇಯ್ಟ್ ಮಾಡದಿದ್ದರೆ ಅಲ್ಲಿಯೇ ಮೌನವಾಗಿ ಉಳಿಯುತ್ತದೆ. ಹಳೆಯ ಟೈಮರ್‌ನ ದೋಷ ಬೇರೆ ಬಾಗಿಲಿನಿಂದ ಒಳಬಂದಂತೆ. ಪೋರ್ಟ್ ಕಡಿದುಹೋದದ್ದನ್ನು ಲೂಪ್‌ನ ಒಳಗೇ ಹಿಡಿದು, ಸ್ಥಿತಿಯನ್ನು ದಾಖಲಿಸಿ, ಪೋರ್ಟನ್ನು ಮತ್ತೆ ತೆರೆಯಲು ಪ್ರಯತ್ನಿಸುವುದೇ ಸರಿ.

ಈಗ ನಾನು ನೆಚ್ಚಿಕೊಂಡಿರುವ ಜೋಡಣೆಯಲ್ಲಿ ಹಿನ್ನೆಲೆ ಥ್ರೆಡ್ ಪರದೆಯನ್ನು ಮುಟ್ಟುವುದೇ ಇಲ್ಲ, ಇನ್ವೋಕ್ ಅಥವಾ ಬಿಗಿನ್‌ಇನ್ವೋಕ್ ಎಲ್ಲಿಯೂ ಇಲ್ಲ. ಪೀರಿಯಾಡಿಕ್ ಟೈಮರ್‌ನ ಲೂಪ್ ಕಾಟಾವನ್ನು ಓದಿ, ತೂಕ, ಸ್ಥಿರತೆ, ಓದಿದ ಕ್ಷಣ ಇವುಗಳನ್ನು ಬದಲಾಯಿಸಲಾಗದ ಒಂದು ಆಬ್ಜೆಕ್ಟ್‌ನಲ್ಲಿ ತುಂಬಿ, ಅದರ ಉಲ್ಲೇಖವನ್ನು, ಬೇರೆ ಥ್ರೆಡ್‌ಗಳಿಗೂ ಹೊಸ ಮೌಲ್ಯ ಕಾಣುವಂತೆ, ವೊಲಟೈಲ್ ಫೀಲ್ಡ್‌ಗೆ ಬರೆಯುತ್ತದೆ. ಫಾರ್ಮ್ಸ್ ಟೈಮರ್ 100 ಮಿಲಿಸೆಕೆಂಡಿಗೊಮ್ಮೆ ಆ ಫೀಲ್ಡನ್ನು ಓದಿ ತೋರಿಸುತ್ತದೆ. ಉಲ್ಲೇಖದ ಬರವಣಿಗೆ ಅವಿಭಾಜ್ಯವಾದ್ದರಿಂದ ಅರ್ಧ ಹೊಸದು, ಅರ್ಧ ಹಳೆಯದು ಎಂಬ ಸ್ಥಿತಿ ಬರುವುದಿಲ್ಲ. ತೂಕವನ್ನು ಬರಿಯ ಡೆಸಿಮಲ್ ಫೀಲ್ಡ್‌ನಲ್ಲಿ ಹಂಚಿಕೊಂಡರೆ ಈ ಭರವಸೆ ಇಲ್ಲ, ಏಕೆಂದರೆ 128 ಬಿಟ್‌ನ ಆ ಮೌಲ್ಯವನ್ನು ಬರೆಯುವ ನಡುವೆ ಇನ್ನೊಂದು ಥ್ರೆಡ್ ಓದಿಬಿಡಬಹುದು.

ಓದಿದ ಕ್ಷಣವನ್ನು ಜೊತೆಗಿಟ್ಟದ್ದು ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದೆ. ಓದುವಿಕೆ ಎರಡು ಸೆಕೆಂಡಿಗಿಂತ ಹಳೆಯದಾದರೆ ಪರದೆಯ ಅಂಕಿ ಬೂದುಬಣ್ಣಕ್ಕೆ ತಿರುಗಿ, ದಾಖಲಿಸುವ ಗುಂಡಿ ತಾನೇ ನಿಷ್ಕ್ರಿಯವಾಗುತ್ತದೆ. ಈ ವಯಸ್ಸನ್ನು ಡಾಟ್‌ನೆಟ್‌ನ ಸ್ಟಾಪ್‌ವಾಚ್‌ನಿಂದಲೇ ಲೆಕ್ಕ ಹಾಕಬೇಕು. ಗಣಕಯಂತ್ರದ ಗಡಿಯಾರದ ಸಮಯವನ್ನು ಯಾರಾದರೂ ತಿದ್ದಬಹುದು, ಅಥವಾ ಅಂತರ್ಜಾಲ ಮರಳಿ ಬಂದಾಗ ಅದು ತಾನೇ ತಿದ್ದಿಕೊಳ್ಳಬಹುದು. ಯಂತ್ರ ಶುರುವಾದಾಗಿನಿಂದ ಮಿಲಿಸೆಕೆಂಡ್ ಎಣಿಸುವ ಹಳೆಯ ಟಿಕ್‌ಕೌಂಟ್ ಸುಮಾರು 24.9 ದಿನ ಯಂತ್ರ ನಿರಂತರ ಓಡಿದರೆ ಋಣ ಸಂಖ್ಯೆಗೆ ಜಿಗಿಯುತ್ತದೆ, ಸುಗ್ಗಿಯಲ್ಲಿ ವಖಾರಿಯ ಯಂತ್ರವನ್ನು ಯಾರೂ ಆರಿಸುವುದಿಲ್ಲ.

ಡಾಟ್‌ನೆಟ್ 8ರಲ್ಲಿ ಬಂದ, ಪ್ರೋಗ್ರಾಮ್‌ಗೆ ಸಮಯ ಒದಗಿಸುವ ಟೈಮ್ ಪ್ರೊವೈಡರ್‌ನಿಂದ ಪರೀಕ್ಷೆಯೂ ಸುಲಭವಾಗಿದೆ. ಪೀರಿಯಾಡಿಕ್ ಟೈಮರ್‌ಗೆ ನಕಲಿ ಸಮಯವನ್ನು ಕೊಟ್ಟು, ಎರಡು ಸೆಕೆಂಡಿನ ನಿಯಮವನ್ನು ನಿಜವಾಗಿ ಕಾಯದೆ ಪರಿಶೀಲಿಸಬಹುದು. ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರಲ್ಲಿ ಉಳಿದಿರುವವರಿಗೆ ಪೀರಿಯಾಡಿಕ್ ಟೈಮರ್ ಸಿಗುವುದಿಲ್ಲ. ಅಂಥವರು ಒಂದೇ ಸಲ ಹೊಡೆಯುವ ಥ್ರೆಡಿಂಗ್ ಟೈಮರನ್ನು, ಅಥವಾ ಟಾಸ್ಕ್ ಡಿಲೇ ಇಟ್ಟ ಲೂಪನ್ನು ಇದೇ ಜೋಡಣೆಯಲ್ಲಿ ಬಳಸಬಹುದು, ನಮ್ಮ ಕೆಲವು ಹಳೆಯ ಯಂತ್ರಗಳಲ್ಲಿ ಅದು ಇಂದಿಗೂ ತೊಂದರೆಯಿಲ್ಲದೆ ನಡೆಯುತ್ತಿದೆ.