ಕಡಲೆಹಿಟ್ಟೋ, ಹೆಸರುಹಿಟ್ಟೋ, ಅಂಟುವಾಳವೋ: ಕಾರವಾರದ ಮುಖಕ್ಕೊಂದು, ಶಿರಸಿಯ ಮುಖಕ್ಕೊಂದು

ಕಾರವಾರದಲ್ಲಿ ಬೆಳಿಗ್ಗೆ 9ಕ್ಕೆ ಮುಖ ತೊಳೆದು ಹೊರಟರೆ, ಹತ್ತೂವರೆಗೆ ನನ್ನ ಮೂಗಿನ ಮೇಲೆ ಒಗ್ಗರಣೆ ಹಾಕಬಹುದು. ಅಷ್ಟು ಎಣ್ಣೆ. ಅದೇ ಮುಖ ಹೊತ್ತುಕೊಂಡು ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿ ಪಕ್ಕದ ನಮ್ಮೂರಿಗೆ ಹೋದರೆ, ಎರಡನೇ ದಿನಕ್ಕೆ ಕೆನ್ನೆ ಬಿಗಿದುಕೊಂಡು ನಗುವುದೇ ಕಷ್ಟ. ಮುಖ ಒಂದೇ, ಊರು ಬೇರೆ. ನಿಮ್ಮದು ಯಾವ ಚರ್ಮ ಎಂದು ಯಾರಾದರೂ ಕೇಳಿದರೆ, ಯಾವ ಊರಿನಲ್ಲಿ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.

ಕಳೆದ ನವೆಂಬರಿನಲ್ಲಿ ಅಂಗಡಿಯ ಫೇಸ್‌ವಾಶ್ ಮುಗಿಯಿತು. ಹೊಸದು ತರುವ ಬದಲು ಅಡುಗೆಮನೆಯ ಡಬ್ಬಿಗಳನ್ನೇ ಒಂದೊಂದಾಗಿ ನೋಡೋಣ ಅನಿಸಿತು. ಮುಖ ಮೂರು. ನನ್ನದು ಹೇಳಿದೆನಲ್ಲ. ಅಣ್ಣನ ಮಗಳು ಕಾಲೇಜಿಗೆಂದು ಕಾರವಾರದಲ್ಲಿ ನನ್ನ ಜೊತೆಯೇ ಇದ್ದಾಳೆ. 17 ವರ್ಷ, ಹಣೆ ತುಂಬ ಮೊಡವೆ. ಊರಿನಲ್ಲಿರುವ ಅತ್ತಿಗೆಯದು ಒಣ ಚರ್ಮ. ಚಳಿ ಶುರುವಾದರೆ ಬಾಯಿಯ ಸುತ್ತ ಹೊಟ್ಟು ಏಳುತ್ತದೆ. ಒಂದು ಸಲಕ್ಕೆ ಒಂದೇ ಸಾಮಾನು, ಎರಡು ವಾರ. ಹಚ್ಚುವ ಮೊದಲು ಮೊಣಕೈ ಒಳಮಗ್ಗುಲಲ್ಲಿ ಚೂರು ಹಚ್ಚಿ ಒಂದು ದಿನ ಕಾಯುವುದು. ಇಷ್ಟೇ ನಿಯಮ. ಅದನ್ನೂ ನಾನು ಒಮ್ಮೆ ಮುರಿದೆ, ಆ ಕತೆ ಮುಂದೆ ಇದೆ.

ಮೊದಲು ಕಡಲೆಹಿಟ್ಟು. ಎಲ್ಲರ ಮನೆಯಲ್ಲೂ ಇರುತ್ತದೆ, ಎಲ್ಲರೂ ಇದನ್ನೇ ಹೇಳುತ್ತಾರೆ. ಕಾರವಾರದಲ್ಲಿ ನನ್ನ ಮುಖಕ್ಕೆ ಚೆನ್ನಾಗಿಯೇ ಕೆಲಸ ಮಾಡಿತು. ಹಿಟ್ಟು ಎಣ್ಣೆ ಹೀರುತ್ತದೆ, ಉಜ್ಜುವಾಗ ಕೊಳೆಯನ್ನೂ ಎಬ್ಬಿಸುತ್ತದೆ. ಆದರೆ ಅಂಗಡಿಯ ಹಿಟ್ಟು ತರಿತರಿ. ಪಕೋಡಕ್ಕೆ ಅದು ಸರಿ, ಕೆನ್ನೆಗೆ ಅಲ್ಲ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಮಾತ್ರ ಮುಖಕ್ಕೆ ಯೋಗ್ಯ. ಇನ್ನೊಂದು ತಪ್ಪು ನಾವೆಲ್ಲ ಮಾಡುವುದೇ: ಹಚ್ಚಿ, ಒಣಗಿ ಬಿರುಕು ಬಿಡುವ ತನಕ ಕೂರುವುದು. ಒಣಗಿದ ಹಿಟ್ಟು ಚರ್ಮದ ನೀರು, ಎಣ್ಣೆ ಎರಡನ್ನೂ ಎಳೆದುಕೊಳ್ಳುತ್ತದೆ. ತೆಗೆಯುವಾಗ ತಿಕ್ಕಬೇಕು, ಮುಖ ಕೆಂಪಾಗುತ್ತದೆ. ಅರ್ಧ ನಿಮಿಷ ಮೆಲ್ಲಗೆ ಆಡಿಸಿ ತೊಳೆದರೆ ಸಾಕು. ಅಣ್ಣನ ಮಗಳು ಮೂರನೇ ದಿನವೇ, "ಅತ್ತೆ, ಕ್ಲಾಸಲ್ಲಿ ಕೂತ್ರೆ ನಂಗೆ ನನ್ನಿಂದಲೇ ಬಜ್ಜಿ ವಾಸನೆ ಬರ್ತದೆ" ಎಂದಳು. ಅಲ್ಲಿಗೆ ಅವಳ ಮಟ್ಟಿಗೆ ಕಡಲೆಹಿಟ್ಟು ಮುಗಿಯಿತು.

ಹೆಸರುಹಿಟ್ಟು ಬೇರೆಯದೇ ಜಾತಿ. ಕಾಲು ಕಿಲೋ ಹೆಸರುಕಾಳನ್ನು ಒರೆಸಿ, ಎರಡು ದಿನ ಬಿಸಿಲಿಗಿಟ್ಟು, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಜರಡಿ ಹಿಡಿದೆ. ಹುರಿಯಲಿಲ್ಲ. ಸಿಪ್ಪೆ ಇರುವ ಕಾಳಾದ್ದರಿಂದ ಮೊದಲ ಸಲ ಒರಟು ಉಳಿಯಿತು, ಇನ್ನೊಂದು ಸುತ್ತು ತಿರುಗಿಸಬೇಕಾಯಿತು. ಕೆಲಸ ಜಾಸ್ತಿ, ನಿಜ. ಆದರೆ ಇದು ಕಡಲೆಹಿಟ್ಟಿನಷ್ಟು ಬಿಗಿಯುವುದಿಲ್ಲ, ನೀರು ಬಿದ್ದ ಕೂಡಲೇ ಜಾರಿ ಹೋಗುತ್ತದೆ, ವಾಸನೆಯೂ ಕಮ್ಮಿ. ಕಾರವಾರದ ಸೆಕೆಯಲ್ಲಿ ಎಣ್ಣೆ ತೆಗೆಯುವುದರಲ್ಲಿ ಕಡಲೆಹಿಟ್ಟಿಗಿಂತ ಅರ್ಧ ಹೆಜ್ಜೆ ಹಿಂದೆ. ಉಳಿದೆಲ್ಲದರಲ್ಲೂ ಮುಂದೆ. ಎರಡರಲ್ಲಿ ಒಂದೇ ಡಬ್ಬಿ ಇಡುವುದಾದರೆ ನಾನು ಇದನ್ನೇ ಇಡುತ್ತೇನೆ.

ಇನ್ನು ಅಂಟುವಾಳ. ನಮ್ಮ ಮನೆಯಲ್ಲಿ ರೇಷ್ಮೆ ಸೀರೆಗೆ, ಚಿನ್ನದ ಸರಕ್ಕೆ ಇದೇ ಸೋಪು. ಸರದ ಕೊಳೆ ತೆಗೆಯುವ ಕಾಯಿ ನನ್ನ ಮೂಗಿನ ಎಣ್ಣೆ ತೆಗೆಯದೇ ಇರುತ್ತದಾ ಅಂದುಕೊಂಡೆ. ಬೀಜ ತೆಗೆದ 4 ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೋಟ ನೀರಿಗೆ ಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಬಿಯರ್ ಹಾಗೆ ನೊರೆ. ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ಅಂಶವೇ ಈ ನೊರೆಗೆ ಕಾರಣ, ಸೀಗೆಕಾಯಿಯಲ್ಲೂ ಇರುವುದು ಅದೇ. ಇಲ್ಲಿ ನಾನು ಕಾಯುವ ನಿಯಮ ಮುರಿದು ನೇರ ಮುಖಕ್ಕೇ ಹಚ್ಚಿದೆ. ಒಂದು ಹನಿ ಕಣ್ಣಿಗೆ ಹೋಯಿತು. ಹೇಳುವುದು ಬೇಡ. ಆ ಇಡೀ ದಿನ ಆಫೀಸಿನಲ್ಲಿ ಎಲ್ಲರೂ, ಮನೆಯಲ್ಲಿ ಏನಾದ್ರೂ ಆಯ್ತಾ ಎಂದು ವಿಚಾರಿಸಿದರು.

ಆಮೇಲೆ ಒಂದು ಚಮಚ ಅಂಟುವಾಳದ ನೀರಿಗೆ ಮೂರು ಚಮಚ ಸಾದಾ ನೀರು ಸೇರಿಸಿ, ಕಣ್ಣು ಮುಚ್ಚಿ ತೊಳೆದೆ. ಎಣ್ಣೆ ತೆಗೆಯುವುದರಲ್ಲಿ ಇದಕ್ಕೆ ಎದುರಿಲ್ಲ. ಹಿಟ್ಟುಗಳು ಇದರ ಹತ್ತಿರವೂ ಬರುವುದಿಲ್ಲ. ಅದಕ್ಕೇ ದಿನಾ ಬೇಡ. ನನಗೆ ವಾರಕ್ಕೆ ಎರಡು ಸಲ ಆಯಿತು. ಇದನ್ನೇ ಊರಿಗೆ ಒಯ್ದಾಗ ಅತ್ತಿಗೆ ಒಂದು ಸಲ ತೊಳೆದು ನೋಡಿ, "ಇದೆಂತ ಕೂಸೇ, ನನ್ನ ಮುಖ ಎಂತ ಬೆಳ್ಳಿ ಚೊಂಬಾ?" ಎಂದರು. ಒಣ ಚರ್ಮದವರು ಇದರ ತಂಟೆಗೆ ಹೋಗಬೇಡಿ.

ಮುಲ್ತಾನಿ ಮಿಟ್ಟಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಎಣ್ಣೆಗೆ ಒಳ್ಳೆಯದು, ವಾರಕ್ಕೊಮ್ಮೆ. ಒಣ ಚರ್ಮಕ್ಕೆ ಅಲ್ಲ.

ಮೊಡವೆಯ ಹುಡುಗಿಗೆ ಕೊನೆಗೆ ಒಗ್ಗಿದ್ದು ಹೆಸರುಹಿಟ್ಟನ್ನು ತೆಳು ಮಜ್ಜಿಗೆಯಲ್ಲಿ ಕಲಸಿದ್ದು. ಕಾರಣ ಇರಬಹುದು. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಕಡೆಗೇ ಇರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸುಮಾರು 5. ಮೈ ಸೋಪು 9-10ರ ಕ್ಷಾರ. ಮಜ್ಜಿಗೆ ಹುಳಿಯ ಪಕ್ಷದ್ದು. ಆದರೆ ಉಜ್ಜಬಾರದು, ಬೆರಳ ತುದಿಯಲ್ಲಿ ಆಡಿಸಬೇಕಷ್ಟೆ. ಮೊಡವೆ ಹೋಯಿತಾ ಎಂದರೆ, ಇಲ್ಲ. ಹೊಸ ಕೆಂಪು ಕಮ್ಮಿಯಾಯಿತು, ಅಷ್ಟೇ. ಗಟ್ಟಿ ನೋವಿನ ಮೊಡವೆಗೆ ಚರ್ಮದ ಡಾಕ್ಟರೇ ಸರಿ. ಅವಳನ್ನೂ ಕರೆದುಕೊಂಡು ಹೋದೆ.

ಹುಳಿ ಒಳ್ಳೆಯದೆಂದು ನಿಂಬೆಹಣ್ಣು ತಿಕ್ಕಲು ಹೋಗಬೇಡಿ ಮತ್ತೆ. ಅದರ ಪಿಎಚ್ ಸುಮಾರು 2. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುವುದೂ ಇದೆ. ಟಾಗೋರ್ ಬೀಚಿನ ಬಿಸಿಲಲ್ಲಿ ನಿಂತು ಈ ಪರೀಕ್ಷೆ ಮಾಡುವ ಧೈರ್ಯ ನನಗಿರಲಿಲ್ಲ. ಅಡುಗೆ ಸೋಡಾವನ್ನೂ ಪಟ್ಟಿಯಿಂದ ಹೊರಗಿಟ್ಟೆ.

ಅತ್ತಿಗೆಯ ಮುಖಕ್ಕೆ ಹಿಟ್ಟುಗಳೆಲ್ಲ ಸೋತವು. ಹಾಲಿನ ಕೆನೆಯಲ್ಲಿ ಕಲಸಿದ ಹೆಸರುಹಿಟ್ಟು ಒಂದು ಮಟ್ಟಕ್ಕೆ ಪರವಾಗಿಲ್ಲ ಅನಿಸಿತು. ತುಡುವೆ ಜೇನು ಹಚ್ಚಿ ಬಿಸಿನೀರಲ್ಲಿ ತೊಳೆದದ್ದು ಅದಕ್ಕಿಂತ ಮೆತ್ತಗೆ. ಆದರೆ ಅಣ್ಣನಿಗೆ ಗೊತ್ತಾಯಿತು, "ತಿನ್ನಲಿಕ್ಕಿಲ್ಲ, ಮುಖಕ್ಕೆ ಬೇರೆಯಾ" ಎಂದ. ದಾಸವಾಳ ಸೊಪ್ಪಿನ ಲೋಳೆ ತಂಪು, ಹಿತ. ತೊಳೆಯುವ ಶಕ್ತಿ ಮಾತ್ರ ಕಮ್ಮಿ.

ಗೆದ್ದದ್ದು ಮುರುಗಲು (ಕೋಕಂ) ತುಪ್ಪ. ಘಟ್ಟದ ಮೇಲಿನವರಿಗೆ ಇದರ ಪರಿಚಯ ಬೇಡ. ಮುರುಗಲು ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು. ತಣಿದ ಮೇಲೆ ಉಂಡೆ ಕಟ್ಟಿ ಇಡುವುದು. ಹಿಮ್ಮಡಿ ಒಡೆದರೆ, ತುಟಿ ಬಿರಿದರೆ ಇದೇ ಮದ್ದು. ಇದರಿಂದ ಮುಖ ತೊಳೆಯಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಕಡಲೆಕಾಳಿನಷ್ಟು ಚೂರನ್ನು ಅಂಗೈಯಲ್ಲಿ ತಿಕ್ಕಿ ಕರಗಿಸಿ, ಒಣ ಮುಖಕ್ಕೆ ಒಂದು ನಿಮಿಷ ಆಡಿಸಿ, ಹಂಡೆಯ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುವುದು. ಜಿಡ್ಡನ್ನು ಜಿಡ್ಡೇ ಕರಗಿಸುತ್ತದೆ. ಕಾಡಿಗೆ, ಸನ್‌ಸ್ಕ್ರೀನ್ ಎರಡೂ ಬಂದವು. ಹಿಟ್ಟಿನಿಂದ ಸನ್‌ಸ್ಕ್ರೀನ್ ಪೂರ್ತಿ ಹೋಗುವುದೇ ಇಲ್ಲ, ನೋಡಿ. ಅತ್ತಿಗೆಯ ಬಾಯಿ ಸುತ್ತಿನ ಹೊಟ್ಟು ವಾರದೊಳಗೆ ಕಮ್ಮಿಯಾಯಿತು.

ಇದೇ ಕೆಲಸಕ್ಕೆ ಕೊಬ್ಬರಿ ಎಣ್ಣೆಯನ್ನೂ ನೋಡಿದೆವು. ಸುಲಭ, ಅಗ್ಗ, ಅತ್ತಿಗೆಗೆ ತೊಂದರೆ ಆಗಲಿಲ್ಲ. ನನಗೆ ಮಾತ್ರ ಕಾರವಾರಕ್ಕೆ ಇಳಿದ ಐದನೇ ದಿನಕ್ಕೆ ಗಲ್ಲದ ಮೇಲೆ ಸಣ್ಣ ಗುಳ್ಳೆಗಳು. ಕೊಬ್ಬರಿ ಎಣ್ಣೆ ಮೊಡವೆ ಚರ್ಮದ ರಂಧ್ರ ಮುಚ್ಚುವುದುಂಟು. ಮೊಡವೆ ಇರುವವರು ದೂರ ಇರುವುದೇ ಲೇಸು.

ಇಡುವುದರ ಬಗ್ಗೆ ಒಂದು ಮಾತು. ಕಲಸಿದ್ದು ಆ ಹೊತ್ತಿಗೇ ಮುಗಿಯಬೇಕು. ಅಂಟುವಾಳದ ನೀರು ಫ್ರಿಜ್ಜಿನಲ್ಲಿ ಮೂರು ದಿನ, ಅದರ ಮೇಲೆ ಚೆಲ್ಲಿಬಿಡುತ್ತೇನೆ. ಜೂನಿನಲ್ಲಿ ಕಾರವಾರದ ಬಚ್ಚಲಲ್ಲಿ ಹೆಸರುಹಿಟ್ಟಿನ ಡಬ್ಬಿ ಮರೆತೆ. ಒದ್ದೆ ಕೈ ಹಾಕಿದ್ದೂ ನಾನೇ. ಹತ್ತು ದಿನಕ್ಕೆ ಮುಚ್ಚಳ ತೆಗೆದರೆ ಹಸಿರು ಬೂಷ್ಟು. ಮಳೆಗಾಲಕ್ಕೆ ಒಂದು ವಾರಕ್ಕಾಗುವಷ್ಟೇ ಪುಡಿ ಹೊರಗೆ, ಉಳಿದದ್ದು ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗೆ, ಒಣ ಚಮಚ.

ಈಗ ಕಾರವಾರದಲ್ಲಿ ನಾನು ದಿನಾ ಹೆಸರುಹಿಟ್ಟು, ವಾರಕ್ಕೆರಡು ಸಲ ಅಂಟುವಾಳ. ಊರಿಗೆ ಹೋದರೆ ಎರಡನ್ನೂ ಬಿಟ್ಟು ಅತ್ತಿಗೆಯ ಮುರುಗಲು ಉಂಡೆಗೆ ಪಾಲುದಾರಳು. ಹಿಟ್ಟಿನ ಒಂದು ತಕರಾರು ಮಾತ್ರ ಯಾರೂ ಮುಂಚೆ ಹೇಳಿರಲಿಲ್ಲ: ಫೆಬ್ರವರಿಯಲ್ಲಿ ನಮ್ಮ ವಾಶ್‌ಬೇಸಿನ್ ಪೈಪು ಕಟ್ಟಿಕೊಂಡಿತು. ಬಿಚ್ಚಿದ ಪ್ಲಂಬರ್ ಒಳಗಿನ ಮುದ್ದೆ ನೋಡಿ, ಇದರಲ್ಲಿ ಅಂಬಲಿ ಚೆಲ್ತೀರಾ ಅಕ್ಕಾ ಎಂದು ಕೇಳಿದ. ಅಂದಿನಿಂದ ಬೋಗುಣಿಯಲ್ಲಿ ಮುಖ ತೊಳೆದು, ನೀರನ್ನು ದಾಸವಾಳದ ಬುಡಕ್ಕೆ ಹೊಯ್ಯುತ್ತೇನೆ.