ಮಾಡೆಲ್ ಹೆಲಿಕಾಪ್ಟರ್ ಒಳಗೆ ಸೀಸ ಹಾಕುವ ಮುಂಚೆ ಇದನ್ನು ಓದಿ

ಕಿಟ್‌ನಲ್ಲಿ ಬರುವ ಸೀಟು, ಪ್ಯಾನೆಲ್ ಸಾಲದೆ ಒಳಗಿನದನ್ನೆಲ್ಲ ಕೈಯಾರೆ ಮಾಡಿಕೊಳ್ಳುವ ಹುಚ್ಚು ಇರುವವರಿಗೆ ಈ ಮಾತು. ಮಾಡೆಲ್ ಒಳಗೆ ಸೀಸ ಹಾಕಬೇಡಿ. ಹಾಕಿ ಆಗಿದ್ದರೆ ಬಿಳಿ ಗಮ್ಮನ್ನು ಅದರ ಹತ್ತಿರ ಬಿಡಬೇಡಿ. ಮಂಗಳೂರು, ಉಡುಪಿ ಕಡೆಯವರು ಇನ್ನೂ ಸ್ವಲ್ಪ ಜಾಸ್ತಿ ಗಮನ ಕೊಟ್ಟು ಓದಿ, ನಮ್ಮ ಮಳೆಗಾಲವೂ ಇದರಲ್ಲಿ ಪಾಲುದಾರ.

ನನ್ನಲ್ಲಿ ಹಾಳಾದದ್ದು 1/48 ಅಳತೆಯ ಚೇತಕ್ ಮಾಡೆಲ್. ಅಂದರೆ ಫ್ರಾನ್ಸ್‌ನ ಅಲುವೆಟ್ 3. ಅದು 1959ರಲ್ಲಿ ಮೊದಲು ಹಾರಿತು, 1962ರ ಒಪ್ಪಂದದ ಮೇಲೆ ಎಚ್‌ಎಎಲ್ ಅದನ್ನು ಇಲ್ಲೇ ಕಟ್ಟಲು ಹೊರಟು ಚೇತಕ್ ಎಂದು ಹೆಸರಿಟ್ಟಿತು. ಸೇನೆ, ವಾಯುಪಡೆ, ನೌಕಾಪಡೆ, ಕೋಸ್ಟ್ ಗಾರ್ಡ್ ಎಲ್ಲರೂ ಹಾರಿಸಿದ ಯಂತ್ರ. ಮುಂದಿನ ಮೂತಿ ಪೂರ್ತಿ ಗಾಜು. ಮುಂದೆ ಮೂರು ಸೀಟು, ಹಿಂದೆ ನಾಲ್ಕು ಜನ ಕೂರುವ ಜಾಗ, ಬೇಕಾದರೆ ಅಲ್ಲೇ ಎರಡು ಸ್ಟ್ರೆಚರ್. ಇಂಥದ್ದರಲ್ಲಿ ಒಳಗಿನ ಕೆಲಸ ಮುಚ್ಚಿ ಹೋಗುವುದಿಲ್ಲ, ಮಾಡಿದ್ದೆಲ್ಲ ಕಾಣುತ್ತದೆ. ಅದಕ್ಕೇ ಅಲ್ವಾ ಈ ಹೆಲಿಕಾಪ್ಟರನ್ನು ಆರಿಸಿಕೊಳ್ಳುವುದು.

ಈ ಅಳತೆಯಲ್ಲಿ ಲೆಕ್ಕ ಹೀಗೆ. ನಿಜವಾದ ಸೀಟ್ ಬೆಲ್ಟ್ ಐದು ಸೆಂಟಿಮೀಟರ್ ಹತ್ತಿರ ಅಗಲ ಇದ್ದರೆ ನಮ್ಮದು 1 ಮಿಲಿಮೀಟರ್. 10 ಮಿಲಿಮೀಟರ್ ಪೈಪಿಗೆ 0.2 ಮಿಲಿಮೀಟರ್ ತಂತಿ. ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ, ತುಂಡು ಕೊಡಿ ಎಂದರೆ ಹೆಚ್ಚಿನವರು ದುಡ್ಡೂ ತೆಗೆದುಕೊಳ್ಳುವುದಿಲ್ಲ. ಪೈಲಟ್ ಹಿಡಿಯುವ ಸ್ಟಿಕ್, ಪಕ್ಕದ ಕಲೆಕ್ಟಿವ್ ಲಿವರ್ (ಹೆಲಿಕಾಪ್ಟರನ್ನು ಮೇಲೆ ಕೆಳಗೆ ಮಾಡುವ ಹಿಡಿ), ಹಿಂದಿನ ಬೆಂಚಿನ ಕಾಲುಗಳು ಎಲ್ಲ ಆ ತಾಮ್ರದ್ದೇ. ಪ್ಯಾನೆಲ್ 0.25 ಮಿಲಿಮೀಟರ್ ಸ್ಟೈರೀನ್ ಪ್ಲಾಸ್ಟಿಕ್ ಶೀಟಿನದು, ಡಯಲ್‌ಗಳನ್ನು ಪಂಚ್ ಮಾಡಿ ಒಂದೊಂದಾಗಿ ಕೂರಿಸಿದ್ದು. ಸೀಟಿನ ಮೆತ್ತೆಗೆ ಟಿಶ್ಯೂ ಪೇಪರನ್ನು ನೀರು ಬೆರೆಸಿದ ಬಿಳಿ ಗಮ್‌ನಲ್ಲಿ ಅದ್ದಿ ಸುಕ್ಕು ಕೂರಿಸಿದ್ದೆ. ಬಡಗಿಗಳು ಬಳಸುವ ಅದೇ ಗಮ್. ಮೆತ್ತೆ ತುಂಬಾ ಚೆನ್ನಾಗಿ ಬಂದಿತ್ತು, ಅದನ್ನು ಹೇಳದೆ ಇರಲಾರೆ.

ಬೆಲ್ಟಿಗೆ ಸೀಸದ ತೆಳು ಹಾಳೆ. ಇದು ಈ ಹವ್ಯಾಸದಲ್ಲಿ ಹಳೆಯ ಕಾಲದಿಂದ ಬಂದ ಸಲಹೆ, ನನಗೂ ಹಿರಿಯರೊಬ್ಬರು ಹೇಳಿಕೊಟ್ಟದ್ದು. ಸೀಸ ಮೆತ್ತಗೆ, ಬಗ್ಗಿಸಿದ ಹಾಗೆ ಬಗ್ಗುತ್ತದೆ, ನಿಜವಾದ ಬಟ್ಟೆಯ ಪಟ್ಟಿ ಇಳಿಬಿದ್ದ ಹಾಗೇ ಕಾಣುತ್ತದೆ. ಇನ್ನು ಮೂತಿಯ ಭಾರ. ಚೇತಕ್‌ಗೆ ಮುಂದೆ ಒಂದು ಚಕ್ರ, ಹಿಂದೆ ಎರಡು. ಮುಂದೆ ಭಾರ ಇಡದಿದ್ದರೆ ಬಾಲ ಊರಿ ಕೂರುತ್ತದೆ, ಇಡೋಣ ಅಂದರೆ ಮೂತಿಯೆಲ್ಲ ಗಾಜು. ನೆಲದ ಅಡಿಯ ಚಿಕ್ಕ ಸಂದಿ ಬಿಟ್ಟರೆ ಜಾಗ ಇಲ್ಲ. ಚಿಕ್ಕ ಜಾಗಕ್ಕೆ ಭಾರದ ಲೋಹ ಬೇಕು: ಉಕ್ಕು ಒಂದು ಘನ ಸೆಂಟಿಮೀಟರಿಗೆ 7.8 ಗ್ರಾಂ, ಸೀಸ 11.3. ಮೀನುಗಾರರ ಊರಿನಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡಿಗೆ ಏನು ಬರ, ಬಂದರಿನ ಅಂಗಡಿಯಿಂದ ತಂದದ್ದಾಯಿತು. ಗುಂಡು ತುಂಬಿಸಿ ಮೇಲೆ ಬಿಳಿ ಗಮ್ ಸುರಿ, ಅಲುಗಾಡುವುದಿಲ್ಲ. ಇದೂ ಅದೇ ಹಿರಿಯರ ಮಾತು.

ಕೊನೆಗೆ ಗಾಜಿನ ಪೆಟ್ಟಿಗೆ. ಊರಿನ ಒಂದು ಗಾಜಿನ ಅಂಗಡಿಯಲ್ಲಿ ಮಾಡಿಸಿದ್ದು, ಹೆಸರು ಬೇಡ. ಮನೆಗೆ ತಂದಾಗ ಪಕ್ಕದ ಮನೆಯಲ್ಲಿ ಪೋರ್ಕ್ ಇಂದಾದ್ ಮಾಡುವಾಗ ಬರುವ ಹಾಗೆ ಹುಳಿ ವಿನೆಗರ್ ವಾಸನೆ. ಅಂಗಡಿಗೆ ಫೋನ್ ಮಾಡಿ ಕೇಳಿದೆ. "ಅದು ಗಾಜು ಅಂಟಿಸುವ ಸಿಲಿಕಾನಿನ ವಾಸನೆ ಮಾರಾಯ್ರೆ, ಎರಡು ದಿನ ಇರ್ತದೆ, ಮತ್ತೆ ಹೋಗ್ತದೆ" ಎಂದರು. ಪೆಟ್ಟಿಗೆ ಮುಚ್ಚಿ ಶೋಕೇಸಿನಲ್ಲಿಟ್ಟೆವು.

ಮಳೆ ಹಿಡಿಯಿತು. ಜುಲೈ ಹೊತ್ತಿಗೆ ನಮ್ಮಲ್ಲಿ ಗಾಳಿಯ ತೇವ ಶೇಕಡಾ 90ರ ಹತ್ತಿರ ಇರುತ್ತದೆ, ಚಪ್ಪಲಿಗೂ ಬೂಸ್ಟು ಬರುವ ಕಾಲ. ಮೊದಲು ಬೆಲ್ಟುಗಳ ಬಣ್ಣ ಉಬ್ಬಿತು. ಇದು ಬೂಸ್ಟು ಅಂದುಕೊಂಡರೆ ಅಲ್ಲ. ಬಣ್ಣದ ಅಡಿಯಿಂದ ಬಿಳಿ ಪುಡಿ ಹೊರಬರುತ್ತಿತ್ತು, ಪ್ಯಾನೆಲ್ ಮೇಲೆ, ನೆಲದ ಮೇಲೆ, ಗಾಜಿನ ಒಳಮೈಗೆ ಎಲ್ಲ ಕಡೆ. ಆಮೇಲೆ ಕ್ಯಾಬಿನ್ನಿನ ನೆಲವೇ ಮೇಲೆದ್ದಿತು. ಹೊಟ್ಟೆಯ ಕೆಳಗಿನ ಜೋಡಣೆ ಬಿರುಕು ಬಿಟ್ಟಿತು, ಮೂತಿಯ ಗಾಜು ಒಂದು ಬದಿಯಲ್ಲಿ ಕಿತ್ತು ಬಂತು. ತೆಗೆದು ನೋಡಿದರೆ ಗುಂಡುಗಳು ಗುಂಡಾಗಿ ಉಳಿದಿರಲಿಲ್ಲ. ಬಿಳಿ ಹೊಪ್ಪಳೆ ಕಟ್ಟಿ ಒಂದಕ್ಕೊಂದು ಅಂಟಿ, ಎರಡು ಪಟ್ಟು ದಪ್ಪ ಆದ ಹಾಗೆ ಕಾಣುತ್ತಿದ್ದವು.

ಆಗಿದ್ದು ಇಷ್ಟು. ಬಿಳಿ ಗಮ್ ಎಂದರೆ ಪಾಲಿವಿನೈಲ್ ಅಸಿಟೇಟ್. ಒಣಗಿದ ಮೇಲೂ ಅದು ನಿಧಾನಕ್ಕೆ ಅಸಿಟಿಕ್ ಆಮ್ಲ ಬಿಡುತ್ತದೆ. ಹುಳಿ ವಾಸನೆಯ ಸಿಲಿಕಾನ್ ಗಟ್ಟಿಯಾಗುವಾಗ ಬಿಡುವುದೂ ಅದೇ ಆಮ್ಲ. ವಿನೆಗರ್ ಅಂದರೂ ಅದೇ. ಆಮ್ಲ, ತೇವ, ಆಮ್ಲಜನಕ ಮೂರೂ ಸೇರಿದರೆ ಸೀಸ ಕರಗಿ ಅಸಿಟೇಟ್ ಆಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಅದು ಬಿಳಿ ಕಾರ್ಬೊನೇಟ್ ಆಗುತ್ತದೆ, ಮತ್ತು ಆಗ ಆಮ್ಲ ವಾಪಸು ಬಿಡುಗಡೆಯಾಗಿ ಮತ್ತೆ ಉಳಿದ ಸೀಸವನ್ನೇ ಹಿಡಿಯುತ್ತದೆ. ನಿಲ್ಲುವ ದಾರಿಯೇ ಇಲ್ಲ. ಮುಚ್ಚಿದ ಪೆಟ್ಟಿಗೆಯಾದರೆ ಆಮ್ಲ ಹೊರಗೆ ಹೋಗುವುದೂ ಇಲ್ಲ. ಯುರೋಪಿನಲ್ಲಿ ಹಿಂದೆ ಬಿಳಿ ಪೇಂಟಿನ ಪುಡಿಯನ್ನು ಬೇಕೆಂದೇ ಹೀಗೆ ಮಾಡುತ್ತಿದ್ದರು, ಸೀಸದ ಪಟ್ಟಿಯನ್ನು ವಿನೆಗರ್ ಇರುವ ಮಡಕೆಯಲ್ಲಿಟ್ಟು ಸುತ್ತ ಗೊಬ್ಬರ ಮುಚ್ಚಿ. ನಮ್ಮ ಶೋಕೇಸಿನಲ್ಲಿ ಗೊಬ್ಬರ ಒಂದು ಇರಲಿಲ್ಲ.

ಅಂಗಡಿಗೆ ಹೋಗಿ ಹೇಳಿದ್ದಕ್ಕೆ "ನಾವು ಮೀನಿನ ಟ್ಯಾಂಕಿಗೂ ಇದನ್ನೇ ಹಾಕುವುದು, ಮೀನಿಗೆ ಎಂತ ಆಗಿಲ್ಲ" ಎಂಬ ಉತ್ತರ. ಮೀನಿನೊಳಗೆ ಸೀಸ ಇಲ್ಲವಲ್ಲ. ಬೇರೆ ಪೆಟ್ಟಿಗೆ ಮಾಡಿಕೊಡಿ ಅಂದರೆ ಪೂರ್ತಿ ದುಡ್ಡು ಕೇಳಿದರು. ನೀವು ಮಾಡಿಸುವಾಗ ನ್ಯೂಟ್ರಲ್ ಕ್ಯೂರ್ ಸಿಲಿಕಾನ್, ಅಂದರೆ ಗಟ್ಟಿಯಾಗುವಾಗ ಈ ಆಮ್ಲ ಬಿಡದ್ದು, ಬೇಕು ಎಂದು ಮೊದಲೇ ಹೇಳಿ, ಟ್ಯೂಬ್ ತೋರಿಸಲು ಹೇಳಿ, ವಾಸನೆ ನೋಡಿ. ಪೆಟ್ಟಿಗೆಯಲ್ಲಿ ಗಾಳಿ ಆಡಲು ಎಲ್ಲಾದರೂ ಸಂದಿ ಬಿಡಿಸಿ. ಪ್ಲೈವುಡ್, ಎಂಡಿಎಫ್ ತಳವೂ ಆಮ್ಲದ ಆವಿ ಬಿಡುತ್ತದೆ, ಅಕ್ರಿಲಿಕ್ ತಳ ವಾಸಿ.

ಬಿಳಿ ಗಮ್ ಕೆಟ್ಟದ್ದು ಅಂತ ಅಲ್ಲ. ಸೂಪರ್ ಗ್ಲೂ ಆವಿಗೆ ಗಾಜು ಮಂಜಾಗುತ್ತದೆ, ಅದಕ್ಕೆ ಗಾಜು ಅಂಟಿಸಲು ಈಗಲೂ ಬಿಳಿ ಗಮ್ಮೇ ಸರಿ. ಸೀಸ ಇರಬಾರದು, ಅಷ್ಟೇ. ಬೆಲ್ಟಿಗೆ ಮಾಸ್ಕಿಂಗ್ ಟೇಪ್ ಸಣ್ಣಗೆ ಕತ್ತರಿಸಿ ಹಾಕಿ, ಇಲ್ಲವೇ ಔಷಧಿ ಟ್ಯೂಬಿನ ಅಲ್ಯುಮಿನಿಯಂ. ಸೀಸದಷ್ಟು ಚೆನ್ನಾಗಿ ಇಳಿಬೀಳುವುದಿಲ್ಲ ನಿಜ, ಆದರೆ ಉಳಿಯುತ್ತದೆ. ಭಾರಕ್ಕೆ ಹಿತ್ತಾಳೆ ನಟ್ಟುಗಳು, ಹಿತ್ತಾಳೆ ಘನ ಸೆಂಟಿಮೀಟರಿಗೆ 8.5 ಗ್ರಾಂ ತೂಗುತ್ತದೆ. ಜಾಗ ತೀರಾ ಕಮ್ಮಿ ಇದ್ದರೆ ಟಂಗ್‌ಸ್ಟನ್, ಸೀಸಕ್ಕಿಂತಲೂ ಭಾರ, 19.3, ಆದರೆ ಜೇಬಿಗೂ ಭಾರ. ಏನೇ ಹಾಕಿದರೂ ಎರಡು ಟ್ಯೂಬಿನ ಎಪಾಕ್ಸಿಯಲ್ಲಿ ಕೂರಿಸಿ.

ಈಗಾಗಲೇ ಸೀಸ ಹಾಕಿ ಮುಚ್ಚಿದ ಮಾಡೆಲ್ ಇದ್ದರೆ ಟಾರ್ಚ್ ಹಿಡಿದು ಬೆಲ್ಟಿನ ಅಂಚು ನೋಡಿ, ಹೊಟ್ಟೆಯ ಜೋಡಣೆ ಬೆರಳಲ್ಲಿ ಸವರಿ ನೋಡಿ. ಪುಡಿ ಕಂಡರೆ ಊದಬೇಡಿ, ಬ್ರಷ್ ಹಾಕಬೇಡಿ, ಮನೆಯ ವ್ಯಾಕ್ಯೂಮ್ ಅಂತೂ ಬೇಡವೇ ಬೇಡ. ಅದು ವಿಷ, ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಕೈಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸ ಎಂದು ಬೇರೆಯಾಗಿ ಕೊಡಿ. ಊಟದ ಮೇಜಿನ ಮೇಲೆ ಈ ಕೆಲಸ ಮಾಡಬೇಡಿ.

ನನ್ನ ಚೇತಕ್‌ನ ಸೀಟು, ಪ್ಯಾನೆಲ್ ತೊಳೆದು ಉಳಿಸಿಕೊಂಡೆ, ನೆಲ ಹೊಸದಾಗಿ ಕತ್ತರಿಸಿ ಆಯಿತು. ಮೂತಿಯ ಗಾಜು ಮಾತ್ರ ಬಿಚ್ಚುವಾಗ ಸೀಳಿತು. ಯಾರ ಹತ್ತಿರವಾದರೂ 1/48ರದ್ದು ಬಿಡಿಯಾಗಿ ಇದ್ದರೆ ಹೇಳಿ, ದುಡ್ಡು ಕೊಡುತ್ತೇನೆ.