ಕಿಡ್ನಿ ಕಸಿಯ ನಂತರದ ತಪಾಸಣೆ: ಶಿವಮೊಗ್ಗದ ಒಂದು ಹೊರರೋಗಿ ವಿಭಾಗದ ಕುರಿತು

ನನ್ನ ತಮ್ಮನಿಗೆ ಅಮ್ಮನ ಕಿಡ್ನಿಯನ್ನು ಕಸಿ ಮಾಡಿದ್ದು ಬೆಂಗಳೂರಿನಲ್ಲಿ. ನಂತರದ ತಪಾಸಣೆಯನ್ನು ಮಾತ್ರ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುತ್ತಿದ್ದೇವೆ. ಕಿಡ್ನಿಯ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್, ಬಿ.ಪಿ., ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ರಕ್ತದಲ್ಲಿನ ಪ್ರಮಾಣ ಇವುಗಳ ಮೇಲೆ ನಿಗಾ ಇಡುವುದರಲ್ಲಿ ಈ ವಿಭಾಗಕ್ಕೆ ಹೆಸರಿಡುವಂತಿಲ್ಲ. ಕ್ಯಾನ್ಸರ್ ತಪಾಸಣೆಯ ವಿಷಯದಲ್ಲಿ ಅದೇ ಮಾತನ್ನು ಹೇಳಲಾರೆ.

‘ಹೆತ್ತ ತಾಯಿಯದೇ ಕಿಡ್ನಿ, ಇನ್ನೇನು ಭಯ’ ಎನ್ನುವವರು ನಮ್ಮ ತೀರ್ಥಹಳ್ಳಿ ಕಡೆ ಬಹಳ. ದಾನಿಯನ್ನು ಮೊದಲೇ ಕೂಲಂಕಷವಾಗಿ ಪರೀಕ್ಷಿಸುವುದರಿಂದ ಅಂಗದ ಜೊತೆಗೇ ಕ್ಯಾನ್ಸರ್ ಬರುವುದು ತೀರ ಅಪರೂಪವೆಂಬುದು ನಿಜ. ಆದರೆ ಬಂದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊನೆಯವರೆಗೂ ನುಂಗಬೇಕಾದ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಆಗ ಕೆಟ್ಟ ಜೀವಕೋಶಗಳ ಮೇಲಿನ ಕಾವಲು ಸಡಿಲಗೊಂಡು, ಎಪ್‌ಸ್ಟೀನ್-ಬಾರ್, ಎಚ್‌ಪಿವಿಯಂಥ ವೈರಸ್‌ಗಳು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೂ ಗರ್ಭಕಂಠದ ಕ್ಯಾನ್ಸರಿಗೂ ದಾರಿ ಮಾಡಿಕೊಡಬಹುದು. ಒಟ್ಟಾರೆ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು 2ರಿಂದ 3 ಪಟ್ಟು ಹೆಚ್ಚು. ಇಷ್ಟನ್ನು ನಮಗೆ ತಾಳ್ಮೆಯಿಂದ ಬಿಡಿಸಿ ಹೇಳಿದವರು ಇಲ್ಲಿನ ಕಿರಿಯ ವೈದ್ಯೆ.

ಅವರು ರಿಪೋರ್ಟ್ ನೋಡುವ ಮೊದಲು ತಮ್ಮನ ಬಾಯಿ ತೆರೆಸಿ, ಟಾರ್ಚ್ ಬಿಟ್ಟು, ನಾಲಿಗೆಯ ಅಡಿಯನ್ನೂ ಕೆನ್ನೆಯ ಒಳಬದಿಯನ್ನೂ ನೋಡಿದರು.

‘ಕವಳ ಹಾಕ್ತೀರಾ?’

‘ಊಟ ಆದ್ಮೇಲೆ ಒಂದು, ಅಷ್ಟೇ ಮೇಡಂ. ಹೊಗೆಸೊಪ್ಪು ಇಲ್ಲ.’

‘ಹೊಗೆಸೊಪ್ಪು ಇಲ್ದಿದ್ರೂ ಬಿಡಬೇಕು. ಅಡಿಕೆನೂ ಬೇಡ.’

ಅಡಿಕೆ ತೋಟದವರ ಮುಂದೆ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಇದೆ. ನಿರೋಧಕ ಶಕ್ತಿ ಕುಗ್ಗಿದವರಿಗೆ ಆ ಮಾತು ಇನ್ನಷ್ಟು ಅನ್ವಯಿಸುತ್ತದೆ. ನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳಲ್ಲೊಂದಾದ ಅಜಾಥಯೋಪ್ರಿನ್ ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ಹೆಚ್ಚು ಹಾನಿ ಮಾಡುವುದರಿಂದ, ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕುವಂತೆಯೂ ಅವರು ಪಕ್ಕದ ರೋಗಿಗೆ ಹೇಳುತ್ತಿದ್ದರು.

ಕೊರತೆಯೆಂದರೆ, ಇದೆಲ್ಲ ಅವರೊಬ್ಬರ ಕಾಳಜಿಯೇ ಹೊರತು ವಿಭಾಗದ ಪದ್ಧತಿಯಲ್ಲ. ಅವರಿಲ್ಲದ ದಿನ ಬಾಯಿ ನೋಡುವವರಿಲ್ಲ. ಕಸಿಯಾದ ಮೇಲೂ ರೋಗಿಯ ಹಳೆಯ ಕಿಡ್ನಿಗಳು ಸಾಮಾನ್ಯವಾಗಿ ಒಳಗೇ ಉಳಿಯುತ್ತವೆ. ಬಹುಕಾಲ ಡಯಾಲಿಸಿಸ್ ಆದವರಲ್ಲಿ ಅವುಗಳಲ್ಲೇ ಕ್ಯಾನ್ಸರ್ ಗಡ್ಡೆ ಹುಟ್ಟುವ ಸಂಭವ ಹೆಚ್ಚು. ಹೀಗಿದ್ದರೂ ಸ್ಕ್ಯಾನಿಂಗ್ ಚೀಟಿಯಲ್ಲಿ ಹೊಸ ಕಿಡ್ನಿಯನ್ನಷ್ಟೇ ಬರೆದಿದ್ದರು. ನಾವು ಕೇಳಿದ ಮೇಲೆ, ಸ್ವಲ್ಪ ಮುಖ ಗಂಟಿಕ್ಕಿಯೇ, ಉಳಿದೆರಡನ್ನೂ ಸೇರಿಸಿದರು. ಆಸ್ಪತ್ರೆ ಕೊಡುವ ಪುಸ್ತಿಕೆಯಲ್ಲಿ ಪಥ್ಯಕ್ಕೆ ಪುಟಗಟ್ಟಲೆ ಜಾಗವಿದ್ದರೂ ಕ್ಯಾನ್ಸರಿನ ಬಗ್ಗೆ ಒಂದು ಸಾಲೂ ಇಲ್ಲ. ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾಡಿಸಬೇಕೆಂಬ ಸೂಚನೆಯೂ ಇಲ್ಲ.

ಔಷಧಿಯ ಪ್ರಮಾಣ ಸರಿಹೊಂದಿಸುವುದಕ್ಕೆ ಈ ವಿಭಾಗವನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಚರ್ಮರೋಗ ತಜ್ಞರು ಬೇರೆ ದಿನ ಬರುವುದರಿಂದ, ಹೊಸನಗರ, ಸಾಗರದ ಕಡೆಯಿಂದ ಬಸ್ಸು ಹಿಡಿದು ಬರುವವರು ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.